ಜಗುಲಿಯ ಕಾರ್ಯಾಗಾರ

ಬಾಗಿಲು ಕಿರುಗುಟ್ಟುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ, ಒಲೆ ಹೊಗೆ ಕಾರುತ್ತದೆ, ಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಇಂಥ ದೂರುಗಳಿಲ್ಲದ ಮನೆ ಯಾವುದು? ಉದ್ಯೋಗದಲ್ಲಿರುವವನು “ಭಾನುವಾರ ನೋಡೋಣ” ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ನಿವೃತ್ತನಾದವನಿಗೆ ವಾರದ ಏಳು ದಿನವೂ ಭಾನುವಾರವೇ ಆದ ಕಾರಣ ಆ ದಾರಿ ಮುಚ್ಚಿಹೋಗುತ್ತದೆ. ಮೇಷ್ಟರ ಕೆಲಸದಿಂದ ಬಿಡುಗಡೆ ಹೊಂದಿ ಪುಣಜನೂರಿನ ಮನೆಯನ್ನು ಸೇರಿದ ನನ್ನ ಪಾಡೂ ಇದೇ ಆಯಿತು.

ಪುಣಜನೂರು ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ಹೆದ್ದಾರಿಯ ಮೇಲಿದೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಬಿಳಿಗಿರಿರಂಗನ ಬೆಟ್ಟದ ಕಾಡು ಊರಿಗೆ ತಾಗಿಕೊಂಡಿದೆ. ಇನ್ನೂ ಮುಂದೆ ಸಾಗಿದರೆ ತಮಿಳುನಾಡಿನ ಗಡಿ. ಒಂದು ವಾಷರ್ ಹಾಕಿಸುವುದಕ್ಕಾಗಿ ಪಟ್ಟಣದಿಂದ ಕೆಲಸಗಾರನನ್ನು ಕರೆತಂದರೆ ವಾಷರಿನ ಬೆಲೆಗಿಂತ ಬಸ್ಸಿನ ಖರ್ಚೇ ಹೆಚ್ಚು. ಆದ್ದರಿಂದ ಜಗುಲಿಯ ಮೂಲೆಯಲ್ಲಿ ಒಂದು ದಪ್ಪ ಹಲಗೆಯನ್ನು ಹಾಕಿ, ಸುತ್ತಿಗೆ, ಇಕ್ಕಳ, ಅರ, ಗರಗಸ, ಎರಡು ಸ್ಕ್ರೂಡ್ರೈವರುಗಳನ್ನು ಜೋಡಿಸಿಕೊಂಡು ಕಾರ್ಯಾಗಾರವನ್ನು ತೆರೆದೆ. ಇವುಗಳ ಜೊತೆಗೆ ಇನ್ನೂರು ಪುಟದ ಒಂದು ನೋಟುಪುಸ್ತಕವೂ ಇದೆ. ಅದರಲ್ಲಿ ನಾಲ್ಕು ಅಂಕಣಗಳು: ದೂರು, ಅಳತೆ, ಕಾರಣ, ಪರಿಹಾರ. ಎರಡನೆಯ ಅಂಕಣ ತುಂಬುವವರೆಗೆ ಉಪಕರಣವನ್ನು ಮುಟ್ಟಕೂಡದೆಂಬುದು ನಿಯಮ. ಈ ನಿಯಮ ಹುಟ್ಟಿದ್ದು ನನ್ನ ಒಂದು ತಪ್ಪಿನಿಂದ. ಅದನ್ನು ಮುಂದೆ ಒಪ್ಪಿಕೊಳ್ಳುತ್ತೇನೆ.

ಬೇಳೆ ಬೇಯದ ನೀರು

ಪುಸ್ತಕದ ಮೊದಲ ದೂರು ಅಡುಗೆಮನೆಯದು. “ಈ ಬೋರಿನ ನೀರಿಗೆ ಬೇಳೆ ಬೇಯುವುದಿಲ್ಲ ಅಂದರೆ ನೀವು ನಂಬುವುದಿಲ್ಲ” ಎಂದು ನನ್ನ ಮನೆಯಾಕೆ ಎಷ್ಟೋ ಸಲ ಹೇಳಿದ್ದಳು. ನೀರು ಎಲ್ಲಿಯದಾದರೂ ನೀರೇ, ಕುದಿಯುವ ಉಷ್ಣತೆಯೂ ಒಂದೇ, ಆದ್ದರಿಂದ ದೋಷವಿದ್ದರೆ ಬೇಳೆಯದು ಎಂಬುದು ನನ್ನ ವಾದವಾಗಿತ್ತು. ವಾದವನ್ನು ಬಿಟ್ಟು ಪರೀಕ್ಷೆಗೆ ತೊಡಗಿದೆವು. ಮಳೆ ಬಂದ ದಿನ ಸೂರಿನ ನೀರನ್ನು ಮೊದಲು ಸ್ವಲ್ಪ ಹೊತ್ತು ಹರಿಯಬಿಟ್ಟು, ಬಳಿಕ ಶುದ್ಧವಾದ ಪಾತ್ರೆಯಲ್ಲಿ ಹಿಡಿದು ಸೋಸಿದೆವು. ಒಂದೇ ಚೀಲದ ತೊಗರಿಬೇಳೆಯನ್ನು ಸಮನಾಗಿ ತೂಗಿ, ಒಂದು ಪಾಲನ್ನು ಮಳೆಯ ನೀರಿನಲ್ಲಿಯೂ ಇನ್ನೊಂದನ್ನು ಅಷ್ಟೇ ಅಳತೆಯ ಬೋರಿನ ನೀರಿನಲ್ಲಿಯೂ, ಒಂದೇ ಒಲೆಯ ಮೇಲೆ, ಒಂದೇ ಪಾತ್ರೆಯಲ್ಲಿ, ಒಂದಾದ ಮೇಲೊಂದರಂತೆ ಬೇಯಿಸಿದೆವು. ಮಳೆಯ ನೀರಿನ ಬೇಳೆ ಬೆರಳಿಗೆ ನುಣ್ಣಗೆ ಸಿಕ್ಕಿತು. ಅಷ್ಟೇ ಹೊತ್ತು ಬೆಂದಿದ್ದ ಬೋರಿನ ನೀರಿನ ಬೇಳೆ ಕಾಳುಕಾಳಾಗಿಯೇ ಉಳಿಯಿತು. ಮೂವತ್ತು ವರ್ಷ ವಿಜ್ಞಾನವನ್ನು ಬೋಧಿಸಿದವನು ಸೋತನು. ದಿನವೂ ಅಡುಗೆ ಮಾಡುತ್ತಿದ್ದವಳು ಗೆದ್ದಳು.

ಇದರ ಕಾರಣ ಸ್ವಾರಸ್ಯವಾಗಿದೆ. ಮಳೆಯ ನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಬಳಿಕ ಆಳದ ಬಂಡೆಗಳ ಬಿರುಕುಗಳಲ್ಲಿ ದೀರ್ಘಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಇದೇ ಗಡಸು ನೀರು. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪದಾರ್ಥಕ್ಕೆ ಪೆಕ್ಟಿನ್ ಎಂದು ಹೆಸರು. ಬೇಯುವುದೆಂದರೆ ಈ ಗಾರೆ ಸಡಿಲಗೊಂಡು ಕೋಶಗಳು ಬಿಡಿಬಿಡಿಯಾಗುವುದು. ನೀರಿನ ಕ್ಯಾಲ್ಸಿಯಂ ಪೆಕ್ಟಿನಿನ ಎಳೆಗಳನ್ನು ಒಂದಕ್ಕೊಂದು ಬಂಧಿಸಿ ಗಾರೆಯನ್ನು ಇನ್ನಷ್ಟು ಬಲಪಡಿಸುತ್ತದೆ. ಹೀಗಾಗಿ ಬೇಳೆ ಬೇಗನೆ ಒಡೆಯುವುದಿಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದೇನೋ ನಿಜ. ಆದರೆ ಬೇಳೆಯಲ್ಲಿರುವ ಬಿ-1 ಜೀವಸತ್ವ ಅದರಿಂದ ನಾಶವಾಗುತ್ತದೆ. ನೀರನ್ನು ಮೊದಲೇ ಕುದಿಸಿ, ಆರಿಸಿ, ಬಿಳಿಯ ಗಸಿ ತಳಕ್ಕೆ ಇಳಿದ ಬಳಿಕ ಮೇಲಿನ ತಿಳಿಯನ್ನು ಬಳಸುವುದು ಉತ್ತಮ. ಗಡಸುತನದ ಒಂದು ಭಾಗ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಹೀಗೆ ಬೇರ್ಪಡುತ್ತದೆ. ಪಾತ್ರೆಯ ತಳಕ್ಕೆ ಕಟ್ಟಿದ ಈ ಬಿಳಿಯ ಕಿಟ್ಟವನ್ನು ಹುಣಿಸೆಯ ಹುಳಿ ಕರಗಿಸಿ ತೆಗೆಯುತ್ತದೆ.

ನಿಮ್ಮ ಮನೆಯ ನೀರು ಎಷ್ಟು ಗಡಸೆಂಬುದನ್ನು ತಿಳಿಯಲು ಪ್ರಯೋಗಶಾಲೆ ಬೇಕಾಗಿಲ್ಲ. ಎರಡು ಒಂದೇ ತೆರನಾದ ಸೀಸೆಗಳಲ್ಲಿ ಸಮನಾದ ಮಳೆಯ ನೀರನ್ನೂ ಮನೆಯ ನೀರನ್ನೂ ತೆಗೆದುಕೊಂಡು, ಒಂದೊಂದಕ್ಕೂ ಅಷ್ಟಷ್ಟೇ ಸಾಬೂನಿನ ಚೂರನ್ನು ಹಾಕಿ ಚೆನ್ನಾಗಿ ಕುಲುಕಿ. ನೊರೆಯ ಎತ್ತರವೇ ಉತ್ತರ ಹೇಳುತ್ತದೆ. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಈ ಪರೀಕ್ಷೆಗೆ ಸಲ್ಲದು. ಅದು ಗಡಸು ನೀರಿನಲ್ಲಿಯೂ ನೊರೆ ಕೊಡುತ್ತದೆ.

ತೊಟ್ಟಿಕ್ಕುವ ನಲ್ಲಿ

ಎರಡನೆಯ ದೂರು ನನ್ನದೇ. ಹಿತ್ತಿಲ ನಲ್ಲಿಯನ್ನು ಯಾರೂ ಸರಿಯಾಗಿ ನಿಲ್ಲಿಸುವುದಿಲ್ಲ, ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ ಎಂದು ನಾನು ಗೊಣಗುತ್ತಿದ್ದೆ. ಗಡಿಯಾರವನ್ನು ಹಿಡಿದು ಎಣಿಸಿದಾಗ ಸೆಕೆಂಡಿಗೆ ಹೆಚ್ಚುಕಡಮೆ ಒಂದು ಹನಿ ಬೀಳುತ್ತಿತ್ತು. ನೀರಿನ ಇಪ್ಪತ್ತು ಹನಿ ಕೂಡಿದರೆ ಸುಮಾರು ಒಂದು ಮಿಲಿಲೀಟರ್. ದಿನಕ್ಕೆ 86,400 ಸೆಕೆಂಡುಗಳಾದ್ದರಿಂದ, ದಿನಕ್ಕೆ ನಾಲ್ಕು ಲೀಟರಿಗೂ ಮಿಕ್ಕು, ವರ್ಷಕ್ಕೆ 1,500 ಲೀಟರಿಗೂ ಮಿಕ್ಕು ನೀರು ವ್ಯರ್ಥವಾಗುತ್ತದೆ. ಕೊಳವೆಬಾವಿಯ ಆಳದಿಂದ ವಿದ್ಯುತ್ತಿನ ಬಲದಿಂದ ಮೇಲೆತ್ತಿದ ನೀರು ಇದು ಎಂಬುದನ್ನು ಮರೆಯಬಾರದು.

ನಲ್ಲಿಯ ಒಳಗಿರುವುದು ಒಂದು ತಿರುಪುಮೊಳೆ, ಅದರ ತುದಿಗೆ ಒಂದು ರಬ್ಬರಿನ ವಾಷರ್, ವಾಷರು ಕೂರುವ ಒಂದು ಲೋಹದ ಪೀಠ. ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ವಾಷರು ಮುಂದೆ ಸರಿಯುವುದು ಒಂದೆರಡು ಮಿಲಿಮೀಟರ್ ಮಾತ್ರ. ದೂರದಲ್ಲಿ ಕಳೆದುಕೊಂಡದ್ದನ್ನು ಬಲದಲ್ಲಿ ಗಳಿಸುವುದೇ ಯಂತ್ರಗಳ ನೀತಿ. ಆದುದರಿಂದ ಮೃದುವಾಗಿ ತಿರುಗಿಸಿದರೂ ವಾಷರಿನ ಮೇಲೆ ಬೀಳುವ ಬಲ ಬಹು ದೊಡ್ಡದು. ಇನ್ನೂ ಬಿಗಿದರೆ ರಬ್ಬರು ಪೀಠದ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಸೋರಿತೆಂದು ಬಿಗಿಯುವುದು, ಬಿಗಿದದ್ದರಿಂದ ಮತ್ತಷ್ಟು ಸೋರುವುದು! ನಲ್ಲಿಯನ್ನು ಬಿಚ್ಚಿ ನೋಡಿದಾಗ ವಾಷರಿನಲ್ಲಿ ಉಂಗುರದಂತೆ ಆಳವಾದ ಗಾಯವಿತ್ತು. ಮನೆಯಲ್ಲಿ ನಲ್ಲಿಯನ್ನು ಎಲ್ಲರಿಗಿಂತ ಬಲವಾಗಿ ತಿರುಗಿಸುತ್ತಿದ್ದವನು ನಾನೇ. ದೂರು ಕೊಟ್ಟವನೇ ಅಪರಾಧಿಯೆಂದು ಮೂರನೆಯ ಅಂಕಣದಲ್ಲಿ ಬರೆಯಬೇಕಾಯಿತು.

ಬಾಗಿಲ ದನಿಯೂ ಮುದುಕನ ಕಿವಿಯೂ

ಬಾಗಿಲನ್ನು ರಭಸದಿಂದ ತೆಗೆದರೆ ಸದ್ದಿಲ್ಲ. ಮಲಗಿದವರು ಏಳದಿರಲೆಂದು ಮೆಲ್ಲನೆ ತೆಗೆದರೆ ಊರಿಗೆಲ್ಲ ಕೇಳುವಷ್ಟು ಕಿರುಚುತ್ತದೆ. ಇದೇನು ವಿಪರೀತ? ನಿಂತ ವಸ್ತುವನ್ನು ಕದಲಿಸುವುದಕ್ಕೆ ಬೇಕಾದ ಬಲವು, ಕದಲಿದ ವಸ್ತುವನ್ನು ಜಾರಿಸುತ್ತಿರುವುದಕ್ಕೆ ಬೇಕಾದ ಬಲಕ್ಕಿಂತ ಹೆಚ್ಚು. ಮೆಲ್ಲನೆ ತಳ್ಳಿದಾಗ ಕೀಲಿನ ಲೋಹಗಳು ಒಂದು ಕ್ಷಣ ಅಂಟಿ ನಿಲ್ಲುತ್ತವೆ, ಬಲ ಕೂಡಿಬಂದೊಡನೆ ಜಾರುತ್ತವೆ, ಮತ್ತೆ ಅಂಟುತ್ತವೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಅಂಟುವಿಕೆ ಜಾರುವಿಕೆಗಳಿಂದ ಬಾಗಿಲ ಹಲಗೆ ಕಂಪಿಸಿ ದನಿಗೊಡುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ನಿಯಮದಿಂದ. ವ್ಯತ್ಯಾಸವಿಷ್ಟೆ: ಪಿಟೀಲಿನವರು ಅಂಟಿಕೆ ಹೆಚ್ಚಲೆಂದು ಕಮಾನಿಗೆ ರಾಳವನ್ನು ಉಜ್ಜುತ್ತಾರೆ, ನಾವು ಅಂಟಿಕೆ ತಪ್ಪಲೆಂದು ಕೀಲಿಗೆ ಎಣ್ಣೆಯನ್ನು ಬಿಡುತ್ತೇವೆ. ನಮ್ಮ ಹಿರಿಯರು ಬಂಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯಲ್ಲಿ ಹರಳೆಣ್ಣೆ ಸೇರಿರುತ್ತಿತ್ತು. ಮೊದಲ ಮಹಾಯುದ್ಧದ ಕಾಲದ ಅನೇಕ ವಿಮಾನಗಳ ಎಂಜಿನುಗಳಿಗೂ ಅದೇ ಹರಳೆಣ್ಣೆ ಎರೆಯುತ್ತಿದ್ದರೆಂದರೆ ಅಚ್ಚರಿಯಾಗಬಹುದು.

ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಂಡಿತೆಂದು ಅವಸರದಿಂದ ತೋಪಡ ಹೊಡೆಯುವವರಿಗೆ ಒಂದು ಮಾತು. ಮರ ತೇವವನ್ನು ಹೀರಿದಾಗ ಉದ್ದಕ್ಕೆ ಬೆಳೆಯುವುದು ಅತ್ಯಲ್ಪ, ಅಡ್ಡಕ್ಕೆ ಉಬ್ಬುವುದೇ ಹೆಚ್ಚು. ಆಷಾಢದಲ್ಲಿ ಕೆತ್ತಿದ ಬಾಗಿಲು ಚೈತ್ರದಲ್ಲಿ ಸಂದು ಬಿಡುತ್ತದೆ. ಆ ಸಂದಿನಲ್ಲಿ ಓತಿಕೇತವೂ ಒಳಗೆ ಬಂದೀತು.

ದನಿಯ ವಿಷಯದಲ್ಲಿ ಇನ್ನೊಂದು ದೂರು ಪುಸ್ತಕದಲ್ಲಿದೆ. ರಜಕ್ಕೆ ಬಂದ ಮೊಮ್ಮಗಳು ಗೋಡೆಗೆ ಸಿಕ್ಕಿಸಿದ ಮೊಬೈಲಿನ ಚಾರ್ಜರು “ಕುಯ್ಯೆನ್ನುತ್ತಿದೆ, ತಾತ” ಎಂದಳು. ನನಗೇನೂ ಕೇಳಿಸಲಿಲ್ಲ, ಅವಳಿಗೆ ಭ್ರಮೆಯೆಂದೆ. ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಚಾರ್ಜರನ್ನು ಹತ್ತು ಸಲ ಮನಬಂದಂತೆ ಹಾಕಿ ತೆಗೆದು ಪರೀಕ್ಷಿಸಿದೆ. ಹತ್ತು ಸಲವೂ ಸರಿಯಾಗಿ ಹೇಳಿದಳು. ಚಾರ್ಜರಿನೊಳಗಿನ ಸುರುಳಿ ಮೊದಲಾದ ಭಾಗಗಳು ಅತಿ ವೇಗವಾಗಿ ಕಂಪಿಸಿ ಹೀಗೆ ಸಣ್ಣ ದನಿ ಮಾಡುವುದುಂಟು. ಎಳೆಯರ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದವನ್ನು ಗ್ರಹಿಸುತ್ತದೆ. ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಶಿಸುತ್ತ, ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು ಈ ಎತ್ತರದ ಶ್ರುತಿಗಳೇ. ನನಗೆ ಕೇಳಲಿಲ್ಲವೆಂಬುದು ಸದ್ದಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಗೊಣಗುವವರು ಕೆಲವೊಮ್ಮೆ ನಮಗಿಂತ ನಿಖರವಾದ ಮಾಪಕಗಳಾಗಿರುತ್ತಾರೆ.

ಹೊಗೆಯನ್ನು ಕುರಿತು ಚಿಂತಿಸಿದ ನಿವೃತ್ತ

ಮನೆಯ ಗೊಣಗಾಟಕ್ಕೆ ಕಿವಿಗೊಟ್ಟ ದೊಡ್ಡವರು ಪ್ರಪಂಚದಲ್ಲಿ ಇಲ್ಲದೆ ಇಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1748ರಲ್ಲಿ, ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿಯೇ, ಮುದ್ರಣಾಲಯದ ವ್ಯವಹಾರದಿಂದ ನಿವೃತ್ತನಾದನು. ಮಿಂಚಿನ ಪ್ರಯೋಗಗಳಿಂದ ಅವನು ಪ್ರಸಿದ್ಧ. ಆದರೆ ಹತ್ತಿರಕ್ಕೊಂದು ದೂರಕ್ಕೊಂದು ಕನ್ನಡಕವನ್ನು ಬದಲಾಯಿಸುವ ಬೇಸರದಿಂದ, ಎರಡೂ ಗಾಜುಗಳ ಅರ್ಧರ್ಧವನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿಕೊಂಡವನೂ ಅವನೇ. ಮುಪ್ಪಿನಲ್ಲಿ ಎತ್ತರದ ಕಪಾಟಿನ ಪುಸ್ತಕಗಳನ್ನು ತೆಗೆಯಲು ತುದಿಯಲ್ಲಿ ಹಿಡಿಕೆಯಿರುವ ಉದ್ದನೆಯ ಕೋಲೊಂದನ್ನು ರಚಿಸಿಕೊಂಡವನೂ ಅವನೇ. 1785ರಲ್ಲಿ ಫ್ರಾನ್ಸಿನಿಂದ ಸ್ವದೇಶಕ್ಕೆ ಮರಳುತ್ತ, ಹಡಗಿನಲ್ಲಿ ಕುಳಿತು ಅವನು ಬರೆದ ಒಂದು ದೀರ್ಘ ಲೇಖನದ ವಿಷಯ: ಮನೆಯ ಹೊಗೆಗಂಡಿಗಳು ಏಕೆ ಹೊಗೆಯನ್ನು ಒಳಕ್ಕೆ ಬಿಡುತ್ತವೆ?

ಅವನು ಕೊಟ್ಟ ಕಾರಣಗಳಲ್ಲಿ ಮೊದಲನೆಯದು ನಮ್ಮ ಬಚ್ಚಲುಮನೆಯ ಹಂಡೆಯ ಒಲೆಗೆ ತಕ್ಕುದಾಗಿತ್ತು. ಬಿಸಿಯಾದ ಗಾಳಿ ಹಗುರವಾಗಿ ಹೊಗೆಗಂಡಿಯಲ್ಲಿ ಮೇಲೇರುತ್ತದೆ. ಹೋದ ಗಾಳಿಯಷ್ಟೇ ಹೊಸ ಗಾಳಿ ಕೋಣೆಗೆ ಬಾರದಿದ್ದರೆ ಏರುವಿಕೆ ನಿಂತು ಹೊಗೆ ಹಿಂದಿರುಗುತ್ತದೆ. ಚಳಿಗೆಂದು ಬಚ್ಚಲಿನ ಬಾಗಿಲನ್ನೂ ಕಿಟಕಿಯನ್ನೂ ನಾನೇ ಬಿಗಿಯಾಗಿ ಮುಚ್ಚಿಸಿದ್ದೆ. ಒಲೆಯ ಬಾಯಿಯ ಸಮಕ್ಕೆ ಗೋಡೆಯಲ್ಲಿ ಒಂದು ಇಟ್ಟಿಗೆಯನ್ನು ತೆಗೆಸಿದೆ. ಹೊಗೆ ಮೇಲಕ್ಕೆ ನಡೆಯಿತು.

ಒಂದು ಇಟ್ಟಿಗೆಯ ವಿಷಯವೆಂದು ನಗಬೇಡಿ. ಸೌದೆಯ ಹೊಗೆ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ; ಅದನ್ನು ಉಂಡವರು ತಲೆಮಾರುಗಳಿಂದ ಹೆಂಗಸರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಹಳ್ಳಿಯ ಬದುಕಿಗೆ ಬೇಕಾದ ತಂತ್ರಜ್ಞಾನವನ್ನು ರೂಪಿಸುವುದು ಅದರ ಗುರಿ. ಅಲ್ಲಿ ಹುಟ್ಟಿದ ಅಸ್ತ್ರ ಒಲೆಯಲ್ಲಿ ಸೌದೆಯ ಕೆಳಗೆ ಗಾಳಿ ಬರಲು ಜಾಲರಿ, ಬಿಸಿಯನ್ನು ಹಂಚಿಕೊಳ್ಳಲು ಸಾಲಾಗಿ ಪಾತ್ರೆಯ ಕುಳಿಗಳು, ಹೊಗೆಯನ್ನು ಹೊರಕ್ಕೆ ಒಯ್ಯಲು ಕೊಳವೆ ಇದ್ದವು. ಅಡುಗೆಮನೆಯ ಗೊಣಗಾಟವೊಂದು ದೇಶದ ಹಿರಿಯ ವಿಜ್ಞಾನ ಸಂಸ್ಥೆಯ ಸಂಶೋಧನೆಗೆ ವಸ್ತುವಾದ ಬಗೆ ಇದು.

ನನ್ನ ತಪ್ಪು

ಇನ್ನು ಮೊದಲೇ ಮಾತು ಕೊಟ್ಟಂತೆ ನನ್ನ ತಪ್ಪನ್ನು ಹೇಳಬೇಕು. ನಿವೃತ್ತನಾದ ಹೊಸತರಲ್ಲಿ ಮನೆಯ ಫ್ಯೂಸು ಮತ್ತೆ ಮತ್ತೆ ಹೋಗುತ್ತಿತ್ತು. ಬೇಸತ್ತು, ಹಳೆಯ ವೈರಿನಿಂದ ಮೂರೆಳೆ ತಾಮ್ರವನ್ನು ಕಿತ್ತು ಹೊಸೆದು ಕಟ್ಟಿಬಿಟ್ಟೆ. ಆಮೇಲೆ ಫ್ಯೂಸು ಹೋಗಲೇ ಇಲ್ಲ, ನಾನು ಬೀಗಿದೆ. ಒಂದು ವಾರದ ಬಳಿಕ ಮನೆಯಾಕೆ ಗೋಡೆಯ ಬಳಿ ಸುಟ್ಟ ವಾಸನೆಯೆಂದಳು. ಯಾರೋ ಕಸ ಸುಡುತ್ತಿರಬೇಕೆಂದೆ. ಮರುದಿನ ಪಟ್ಟಿಯನ್ನು ಬಿಚ್ಚಿ ನೋಡಿದರೆ ವೈರಿನ ಹೊದಿಕೆ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಇನ್ನೊಂದು ದಿನ ಕಳೆದಿದ್ದರೆ ಈ ಲೇಖನ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ನೀರು ಕಾಯಿಸುವ ಹೀಟರು 1,500 ವಾಟ್, ಇಸ್ತ್ರಿಪೆಟ್ಟಿಗೆ 1,000 ವಾಟ್. ಎರಡೂ ಒಂದೇ ದಾರಿಯಲ್ಲಿ. 2,500ನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 11 ಆಂಪಿಯರ್. ಆ ದಾರಿ 5 ಆಂಪಿಯರಿಗೆಂದು ಎಳೆದದ್ದು. ಪ್ರವಾಹ ಎರಡರಷ್ಟಾದರೆ ತಂತಿಯ ಬಿಸಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ; ಬಿಸಿಯು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಇಲ್ಲಿ ಅದು ಐದರಷ್ಟಕ್ಕೆ ಸಮೀಪಿಸಿತ್ತು. 1841ರಲ್ಲಿ ಈ ನಿಯಮವನ್ನು ಪ್ರಕಟಿಸಿದ ಜೇಮ್ಸ್ ಜೌಲ್ ಯಾವ ವಿಶ್ವವಿದ್ಯಾಲಯದ ಅಧ್ಯಾಪಕನೂ ಆಗಿರಲಿಲ್ಲ. ಬಿಯರ್ ತಯಾರಿಸುವ ಮನೆತನದ ಅವನು ಸ್ವಂತ ಪ್ರಯೋಗಶಾಲೆಯಲ್ಲಿ ಅಳೆದು ಅಳೆದು ಅದನ್ನು ಕಂಡುಕೊಂಡನು. ಫ್ಯೂಸು ನನಗೆ ಕಿರುಕುಳ ಕೊಡುತ್ತಿರಲಿಲ್ಲ, ಎಚ್ಚರಿಸುತ್ತಿತ್ತು. ನಾನು ಎಚ್ಚರಿಸುವವನ ಬಾಯಿ ಕಟ್ಟಿದ್ದೆ. ಅಂದಿನಿಂದ ಅಳತೆಯ ಅಂಕಣ ಬಂದಿತು. ಮನೆಯ ವೈರಿಂಗಿನ ಕೆಲಸಕ್ಕೆ ಪರವಾನಗಿ ಪಡೆದ ಕೆಲಸಗಾರನೇ ಬರುವುದೆಂದೂ ಗೊತ್ತಾಯಿತು, ಬಸ್ಸಿನ ಖರ್ಚು ಎಷ್ಟಾದರೂ ಸರಿಯೆ.

ಮುಟ್ಟಬಾರದ ತಂತಿ

ಈ ಲೆಕ್ಕ ಮತ್ತೊಮ್ಮೆ ನೆರವಿಗೆ ಬಂದದ್ದು ಕಳೆದ ಬೆಳೆಯ ಕಾಲದಲ್ಲಿ. ನನ್ನ ಉಪಕರಣಗಳ ಸುದ್ದಿ ಊರಿನಲ್ಲಿ ಹಬ್ಬಿದ್ದರಿಂದ, ಕಾಡಂಚಿನಲ್ಲಿ ಮುಸುಕಿನ ಜೋಳ ಹಾಕಿದ್ದ ಒಬ್ಬ ತರುಣ ಬಂದನು. “ಮೇಷ್ಟ್ರೇ, ಹಂದಿ ಕಾಟ ತಡಿಯಕ್ಕಾಗ್ತಿಲ್ಲ. ಮನೆಯಿಂದ ಒಂದು ತಂತಿ ಎಳ್ದುಕೊಡಿ ಸಾ. ಫ್ಯೂಸು ಇದ್ದೇ ಅದೆ, ಯಾರಾದ್ರೂ ಮುಟ್ಟುದ್ರೆ ಅದೇ ಸುಟ್ಟೋಯ್ತದೆ” ಎಂದನು.

ಅವನ ಸಂಕಟ ನಿಜವಾದದ್ದು. ಒಂದು ರಾತ್ರಿಯಲ್ಲಿ ಹಂದಿಗಳು ನಾಲ್ಕು ತಿಂಗಳ ದುಡಿಮೆಯನ್ನು ನೆಲಸಮ ಮಾಡಬಲ್ಲವು. ಅವನನ್ನು ಹಲಗೆಯ ಮುಂದೆ ಕೂರಿಸಿ ಪುಸ್ತಕವನ್ನು ತೆರೆದೆ. ಬೆವರಿನಿಂದಲೋ ಮಳೆಯಿಂದಲೋ ಒದ್ದೆಯಾದ ಮನುಷ್ಯದೇಹದ ರೋಧ ಸುಮಾರು 1,000 ಓಂ ಎನ್ನೋಣ. 230 ವೋಲ್ಟಿನ ತಂತಿಯನ್ನು ಅವನು ತಾಗಿದರೆ ದೇಹದಲ್ಲಿ ಹರಿಯುವ ಪ್ರವಾಹ 0.23 ಆಂಪಿಯರ್. ಐದು ಆಂಪಿಯರಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ; ಅದು ಬೆಚ್ಚಗೂ ಆಗುವುದಿಲ್ಲ. ಆದರೆ ಹೃದಯದ ಲಯವನ್ನು ಕೆಡಿಸುವುದಕ್ಕೆ ಇದರ ಒಂದು ಭಾಗವೇ ಸಾಕು. ಮನೆಗಳಲ್ಲಿ ಮನುಷ್ಯನ ರಕ್ಷಣೆಗೆಂದು ಹಾಕುವ ಆರ್‌ಸಿಸಿಬಿ ಎಂಬ ಸ್ವಿಚ್ಚು 0.03 ಆಂಪಿಯರ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಕೊಳ್ಳುವುದು ಇದಕ್ಕಾಗಿಯೇ. ಫ್ಯೂಸು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಸಾಲದೆಂಬಂತೆ ಮನೆಯ ವಿದ್ಯುತ್ತು ಸ್ನಾಯುಗಳನ್ನು ಸೆಟೆಸಿ, ಹಿಡಿದ ಕೈ ಬಿಡದಂತೆ ಮಾಡುತ್ತದೆ.

“ಹಾಗಾದರೆ ಸೋಲಾರ್ ಬೇಲಿ ಮುಟ್ಟಿದವರು ಸಾಯುವುದಿಲ್ಲವಲ್ಲ?” ಎಂದು ಅವನು ಕೇಳಿದನು. ಒಳ್ಳೆಯ ಪ್ರಶ್ನೆ. ಆ ಬೇಲಿಯ ವೋಲ್ಟೇಜು ಸಾವಿರಗಟ್ಟಲೆ ಇದ್ದರೂ ಅದು ಸೆಕೆಂಡಿಗೆ ಸುಮಾರು ಒಂದು ಬಾರಿ, ಅದೂ ಸೆಕೆಂಡಿನ ಅತ್ಯಲ್ಪ ಅಂಶದಷ್ಟು ಕಾಲ ಮಾತ್ರ, ಮಿಡಿಯುತ್ತದೆ. ಒಂದೊಂದು ಮಿಡಿತದ ಶಕ್ತಿಗೂ ಮಿತಿಯಿದೆ. ನಡುವಿನ ಬಿಡುವಿನಲ್ಲಿ ಪ್ರಾಣಿ ಹಿಂದೆ ಸರಿಯುತ್ತದೆ. ಒಂದು ಚುಚ್ಚಿ ಓಡಿಸುತ್ತದೆ. ಇನ್ನೊಂದು ಹಿಡಿದು ಕೊಲ್ಲುತ್ತದೆ. ಕಾಡಂಚಿನ ಹೊಲಗಳಲ್ಲಿ ಮನೆಯ ವಿದ್ಯುತ್ತು ಹರಿಸಿದ ತಂತಿಗೆ ಆನೆಗಳೂ, ಕತ್ತಲಲ್ಲಿ ಹಾದುಬಂದ ಮನುಷ್ಯರೂ ಬಲಿಯಾದದ್ದುಂಟು. ಕಾನೂನು ಅದನ್ನು ನಿಷೇಧಿಸಿರುವುದು ಸುಮ್ಮನೆ ಅಲ್ಲ.

ತರುಣ ಪುಸ್ತಕದ ಲೆಕ್ಕವನ್ನು ಎರಡು ಸಲ ತಾನೇ ಗುಣಿಸಿ ನೋಡಿದನು. “ನಮ್ಮಪ್ಪ ರಾತ್ರಿ ನೀರು ತಿರುಗಿಸಾಕೆ ಅದೇ ಬದುವಿನ ಮೇಲೆ ಬತ್ತಾರೆ ಸಾ” ಎಂದಷ್ಟೇ ಹೇಳಿ ಎದ್ದನು. ಆ ವರ್ಷ ಅವನು ಅಟ್ಟಣೆ ಕಟ್ಟಿ, ತಗಡು ಬಡಿಯುತ್ತ ಹೊಲ ಕಾದನು. ನಿದ್ದೆ ಕೆಟ್ಟಿತು, ಸ್ವಲ್ಪ ಜೋಳವೂ ಹೋಯಿತು. ಈಗ ಸೋಲಾರ್ ಬೇಲಿಗೆ ಹಣ ಕೂಡಿಸುತ್ತಿದ್ದಾನೆ. ನನ್ನ ನೋಟುಪುಸ್ತಕದ ಆ ಪುಟದಲ್ಲಿ ನಾಲ್ಕನೆಯ ಅಂಕಣವನ್ನು ಇನ್ನೂ ತುಂಬಿಲ್ಲ.

ವಿದ್ಯಾರ್ಥಿಗಳಾದ ನೀವು ನಿವೃತ್ತಿಯವರೆಗೆ ಕಾಯಬೇಕಾಗಿಲ್ಲ. ಒಂದು ಪುಸ್ತಕವನ್ನು ತೆಗೆದುಕೊಂಡು ನಾಲ್ಕು ಗೆರೆಗಳನ್ನು ಎಳೆಯಿರಿ. ಇಂದು ಸಂಜೆ ಮನೆಯಲ್ಲಿ ಯಾರು ಏನೆಂದು ಗೊಣಗುತ್ತಾರೆಂಬುದನ್ನು ಕೇಳಿ, ಅವರ ಮಾತಿನಲ್ಲಿಯೇ ಮೊದಲ ಅಂಕಣದಲ್ಲಿ ಬರೆಯಿರಿ. ಸುತ್ತಿಗೆಯನ್ನು ಆಮೇಲೆ ಹುಡುಕಬಹುದು.